ಗೇಟಿನ ಒಳಗೆ ಏನಾಗುತ್ತೆ?

ಮುನ್ನೂರು ಪದಗಳ ಆ ಪ್ರಬಂಧ ನಿಮಗೆ ನೆನಪಿರಬೇಕು. 2024ರ ಮೇ 19ರ ನಸುಕು, ಪುಣೆಯ ಕಲ್ಯಾಣಿ ನಗರ. ಪೋರ್ಷೆ ಕಾರು, ಸ್ಟೀರಿಂಗ್ ಹಿಡಿದವನಿಗೆ ಹದಿನೇಳು ವರ್ಷ. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಎಂಜಿನಿಯರ್‌ಗಳು, ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರೂ ಹೋದರು. ಕಾರು ಓಡಿಸಿದವನಿಗೆ ಗಂಟೆಗಳ ಲೆಕ್ಕದಲ್ಲಿ ಜಾಮೀನು ಸಿಕ್ಕಿತು. ಷರತ್ತು ಏನು? ರಸ್ತೆ ಅಪಘಾತದ ಬಗ್ಗೆ ಮುನ್ನೂರು ಪದಗಳ ಪ್ರಬಂಧ ಬರೀಬೇಕು. ಆಮೇಲೆ ರಕ್ತದ ಸ್ಯಾಂಪಲ್ಲನ್ನೇ ಬದಲಿಸಿದರು ಅನ್ನೋ ಆರೋಪದ ಮೇಲೆ ಡಾಕ್ಟರ್‌ಗಳೂ ಅರೆಸ್ಟ್ ಆದರು.

ಆ ವಾರ ನಾನು ಇದೇ ಕುರ್ಚಿಯಲ್ಲಿ ಕೂತು ಒಂದು ಗಂಟೆ ಕೂಗಾಡಿದೆ. ಸುಳ್ಳು ಹೇಳಲ್ಲ, ಸಿಟ್ಟು ನಿಜವಾದದ್ದೇ. ನಾನೂ ಎಂಜಿನಿಯರಿಂಗ್ ಓದಿದವನು. ಸತ್ತವರು ನನ್ನ ಕಾಲೇಜಿನ ಜೂನಿಯರ್‌ಗಳ ವಯಸ್ಸಿನವರು. ಹಿಂದೆ ಸ್ಕ್ರೀನ್ ಮೇಲೆ ದೊಡ್ಡದಾಗಿ ‘17’ ಅಂತ ಬರೆಸಿದ್ದೆ. ಹದಿನೇಳು ಅಂದರೆ ಮಗುವಾ? ಹದಿನೇಳಕ್ಕೆ ಕಾರು ಓಡಿಸೋನಿಗೆ ಹದಿನೇಳಕ್ಕೆ ಜೈಲು ಯಾಕಿಲ್ಲ? ನೇಣಿಗೆ ಹಾಕಬೇಕಾ, ಬೇಡವಾ? ನಾಲ್ಕು ಜನ ಪ್ಯಾನೆಲ್‌ನಲ್ಲಿ ಕೂತಿದ್ದರು, ನಾಲ್ಕೂ ಜನ ಒಟ್ಟಿಗೆ ಮಾತಾಡಿದರು. ಟಿಆರ್‌ಪಿ ಚೆನ್ನಾಗಿ ಬಂತು.

2025ರ ಜುಲೈನಲ್ಲಿ ಆ ಹುಡುಗನನ್ನು ವಯಸ್ಕನಂತೆ ವಿಚಾರಣೆ ಮಾಡಬೇಕು ಅನ್ನೋ ಪೊಲೀಸರ ಅರ್ಜಿಯನ್ನ ಅಲ್ಲಿನ ಬಾಲ ನ್ಯಾಯ ಮಂಡಳಿ ತಿರಸ್ಕರಿಸಿತು. ನಮ್ಮ ಡೆಸ್ಕ್‌ನಲ್ಲಿ ಹಳೇ ಗ್ರಾಫಿಕ್ಸ್ ಮತ್ತೆ ರೆಡಿ ಆಯ್ತು. ಅದೇ ‘17’, ಅದೇ ಕೆಂಪು ಬಣ್ಣ. ನಾನೇ ಬೇಡ ಅಂದೆ. ಯಾಕೆ ಬೇಡ ಅಂದೆ ಅನ್ನೋದೇ ಇವತ್ತಿನ ಮಾತು.

ಮೊದಲ ಕಾರ್ಯಕ್ರಮ ಮುಗಿದ ಮರುದಿನ ನನಗೊಂದು ಫೋನ್ ಬಂದಿತ್ತು. ಧಾರವಾಡ ಕಡೆಯ ಮಾತು. ಪ್ರೊಬೇಷನ್ ಅಧಿಕಾರಿಯಾಗಿದ್ದು ರಿಟೈರ್ ಆದವರು. “ಸರ, ಛಲೋ ಮಾತಾಡ್ತೀರಿ ನೀವು,” ಅಂದರು. “ಹುಡುಗನ ವಯಸ್ಸು ಎಷ್ಟು ಅಂತ ಒಂದ್ ತಾಸು ಕೇಳಿದ್ರಿ. ಒಳಗ ಹೋದ ಮ್ಯಾಲೆ ಅಂವಗ ಏನ್ ಮಾಡ್ತಾರ ಅಂತ ಒಂದ್ ನಿಮಿಷರೆ ಕೇಳ್ರಲಾ.”

ನಾನು ಪತ್ರಿಕೋದ್ಯಮದಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಕಳೆದಿದ್ದೇನೆ. ಎಷ್ಟು ಕ್ರೈಂ ಸುದ್ದಿ ಓದಿದ್ದೇನೋ ಲೆಕ್ಕವಿಲ್ಲ. ‘ಬಾಲಾಪರಾಧಿಯನ್ನು ವಶಕ್ಕೆ ಪಡೆದು ಬಾಲಮಂದಿರಕ್ಕೆ ಕಳುಹಿಸಲಾಗಿದೆ’ ಅನ್ನೋ ವಾಕ್ಯ ನನ್ನ ಬಾಯಲ್ಲಿ ಸಾವಿರ ಸಲ ಬಂದಿರಬಹುದು. ಆ ವಾಕ್ಯಕ್ಕೆ ಅಲ್ಲಿ ಫುಲ್‌ಸ್ಟಾಪ್. ಅಲ್ಲಿಂದ ಮುಂದೆ ಏನು ಅಂತ ನನಗೂ ಗೊತ್ತಿರಲಿಲ್ಲ.

ಇಲಾಖೆಯ ಅನುಮತಿ ಸಿಗೋಕೆ ವಾರಗಟ್ಟಲೆ ಹಿಡಿಯಿತು. ಕ್ಯಾಮೆರಾ ಇಲ್ಲ, ಮೊಬೈಲ್ ಗೇಟಿನಲ್ಲೇ ಕೊಟ್ಟು ಹೋಗಬೇಕು, ಮಕ್ಕಳ ಗುರುತು ಎಲ್ಲೂ ಹೇಳಬಾರದು. ಸರಿಯಾದ ಷರತ್ತುಗಳೇ. ಹಾಗಾಗಿ ಅದು ಯಾವ ಜಿಲ್ಲೆ ಅಂತಲೂ ಹೇಳಲ್ಲ. ಒಂದು ಜಿಲ್ಲಾ ಕೇಂದ್ರದ ಬಾಲಕರ ವೀಕ್ಷಣಾಲಯ. ಫೋನ್ ಮಾಡಿದ ಆ ಹಿರಿಯರೂ ಜೊತೆಗೆ ಬಂದಿದ್ದರು.

ನಾನು ಸಿನಿಮಾದಲ್ಲಿ ತೋರಿಸೋ ತರಹ ಏನೇನೋ ಊಹಿಸಿಕೊಂಡಿದ್ದೆ. ಕತ್ತಲೆ ಕೋಣೆ, ಬಾಸುಂಡೆ, ಲಾಠಿ. ಅದೇನೂ ಇರಲಿಲ್ಲ. ನೆಲ ಒರೆಸಿತ್ತು. ಅನ್ನ ಸಾರಿನ ವಾಸನೆ ಬರ್ತಿತ್ತು. ಸೂಪರಿಂಟೆಂಡೆಂಟ್ ಕೆಟ್ಟವರಲ್ಲ, ಕೇರಂ ಬೋರ್ಡಿಗೆ ಪೌಡರ್ ತಮ್ಮ ಜೇಬಿನಿಂದ ತರಿಸಿದ್ದರು. ಹಾಲ್‌ನಲ್ಲಿ ಹದಿನೈದಿಪ್ಪತ್ತು ಹುಡುಗರು ಗೋಡೆಗೆ ಒರಗಿ ಕೂತಿದ್ದರು. ಏನು ಮಾಡ್ತಿದ್ದರು? ಏನೂ ಮಾಡ್ತಿರಲಿಲ್ಲ. ಅದೇ ನನ್ನನ್ನ ಹೆದರಿಸಿದ್ದು. ಬೆಳಗ್ಗೆ ಹನ್ನೊಂದು ಗಂಟೆ, ಹದಿನೈದು ಹದಿನಾರರ ಹುಡುಗರು, ಮೈಯಲ್ಲಿ ಬಿಸಿರಕ್ತ, ಸುಮ್ಮನೆ ಕೂತಿದ್ದಾರೆ. ಗೋಡೆಯ ಮೇಲೆ ಎತ್ತರದಲ್ಲಿ, ಕಬ್ಬಿಣದ ಪೆಟ್ಟಿಗೆಯೊಳಗೆ, ಒಂದು ಟಿವಿ.

ಒಬ್ಬ ಹುಡುಗ ನನ್ನನ್ನ ಗುರುತು ಹಿಡಿದ. “ಅಣ್ಣ, ನೀವು ನಮ್ಮನ್ನ ನೇಣಿಗೆ ಹಾಕಿ ಅಂದೋರಲ್ವಾ?”

ನಾನು ಹಾಗಂದಿರಲಿಲ್ಲ ಅಂತ ಹೇಳೋಕೆ ಬಾಯಿ ತೆರೆದೆ. ನಿಜವಾಗಿಯೂ ಹಾಗಂದಿರಲಿಲ್ಲ. ‘ನೇಣಿಗೆ ಹಾಕಬೇಕಾ?’ ಅಂತ ಕೇಳಿದ್ದೆ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು. ನಮ್ಮ ಧಂದೆಯಲ್ಲಿ ಆ ಚಿಹ್ನೆ ಬಹಳ ಉಪಯೋಗಕ್ಕೆ ಬರುತ್ತೆ, ಕೋರ್ಟಿನಿಂದ ಉಳಿಸುತ್ತೆ. ಆದರೆ ಅಷ್ಟು ಕೆಳಗೆ ಕೂತು, ಅಷ್ಟು ಎತ್ತರದ ಟಿವಿ ನೋಡೋ ಹುಡುಗನಿಗೆ ಅದು ಕಾಣಲ್ಲ. ಅವನು ಬೈದು ಕೇಳಿದ್ದಲ್ಲ, ಸಿನಿಮಾ ನಟನನ್ನ ನೋಡಿದವನ ಹಾಗೆ ನಗ್ತಾ ಕೇಳಿದ. ನಾನು “ಇಲ್ಲಪ್ಪಾ” ಅಂತ ಏನೋ ಅಂದೆ. ಅವನಿಗೆ ಹದಿನಾರು ವರ್ಷ. ಮೊಬೈಲ್ ಕಿತ್ತುಕೊಂಡು ಓಡಿದ ಕೇಸು, ಮೂರನೇ ಸಲ.

ಮೂರನೇ ಸಲ ಅಂದಾಗ ನಿಮಗೇನನ್ನಿಸಿತು? ‘ಇವನು ಸುಧಾರಿಸಲ್ಲ’ ಅಂತ ತಾನೇ? ನನಗೂ ಅದೇ ಅನ್ನಿಸಿತು. ಹಿರಿಯರು ಬೇರೆ ರೀತಿ ಲೆಕ್ಕ ಹಾಕಿದರು. “ಮೂರ್ ಸಲ ನಮ್ಮ ಕೈಗೆ ಸಿಕ್ಕಿದ್ದ. ಮೂರೂ ಸಲ ನಾವ ಏನೂ ಮಾಡ್ಲಿಲ್ಲ ಅಂತ ಆತಲ್ಲ?”

ಅವನ ಫೈಲಿನಲ್ಲಿದ್ದ ಮಾತು ಹೇಳ್ತೀನಿ, ಗುರುತು ಸಿಗದಷ್ಟು. ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟಿದ್ದಾನೆ. ಹನ್ನೆರಡಕ್ಕೆ ಪಂಕ್ಚರ್ ಹಾಕೋ ಸೊಲ್ಯೂಷನ್ ಬಟ್ಟೆಗೆ ಹಾಕಿ ಮೂಸೋದು ಶುರು. ಆಮೇಲೆ ಗಾಂಜಾ. ಮೊಬೈಲ್ ಕದ್ದು ಕೊಟ್ಟರೆ ದುಡ್ಡು ಕೊಡೋ ಒಬ್ಬ ದೊಡ್ಡವನಿದ್ದಾನೆ. ಆ ದೊಡ್ಡವನು ಕೇಸಿನಲ್ಲಿ ಎಲ್ಲೂ ಇಲ್ಲ. ‘ಗ್ಯಾಂಗ್‌ಗಳು ಬೇಕಂತಲೇ ಹುಡುಗರನ್ನ ಬಳಸಿಕೊಳ್ತಿವೆ, ಹುಡುಗರಿಗೆ ಕಾನೂನಿನ ಭಯವಿಲ್ಲ’ ಅಂತ ನಾವು ಚರ್ಚೆಯಲ್ಲಿ ಹೇಳ್ತೀವಲ್ಲ, ಅರ್ಧ ಮಾತ್ರ ಹೇಳ್ತೀವಿ. ಮಕ್ಕಳನ್ನ ಅಕ್ರಮ ಕೆಲಸಕ್ಕೆ ಬಳಸಿಕೊಂಡ ವಯಸ್ಕನಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ದಂಡ ಅಂತ ಇದೇ ಬಾಲ ನ್ಯಾಯ ಕಾಯ್ದೆಯ 83ನೇ ಸೆಕ್ಷನ್ ಹೇಳುತ್ತೆ. ಆ ಸೆಕ್ಷನ್ ಹಾಕಿದ ಸುದ್ದಿ ನಾನು ಎಷ್ಟು ಸಲ ಓದಿದ್ದೇನೆ? ನೆನಪಿಗೆ ಒಂದೂ ಬರ್ತಿಲ್ಲ.

ವೀಕ್ಷಣಾಲಯಕ್ಕೆ ಬಂದ ಮೊದಲ ವಾರ ಈ ಹುಡುಗ ನಿದ್ದೆ ಮಾಡಲ್ಲ. ಮೈ ನಡುಗುತ್ತೆ, ವಾಂತಿ, ಸಿಕ್ಕಿದವರ ಮೇಲೆ ಕೈ ಮಾಡ್ತಾನೆ. ಅಮಲು ಇಳಿಯೋ ಕಷ್ಟ ಅದು. ಡಾಕ್ಟರಿಗೆ ಅದು ಕಾಯಿಲೆ, ರಾತ್ರಿ ಡ್ಯೂಟಿಯ ಒಬ್ಬನೇ ಗಾರ್ಡ್‌ಗೆ ಅದು ಕೊಬ್ಬು. ಅಮಲಿಗೆ ಬಿದ್ದ ಮಗುವನ್ನ ಚಿಕಿತ್ಸೆಗಾಗಿ ವ್ಯಸನಮುಕ್ತಿ ಕೇಂದ್ರಕ್ಕೋ ಮಾನಸಿಕ ಆಸ್ಪತ್ರೆಗೋ ಸೇರಿಸಿ ಇರಿಸಬಹುದು ಅಂತ 93ನೇ ಸೆಕ್ಷನ್ ಇದೆ. ಈ ಹುಡುಗ ಮೂರು ಸಲ ಬಂದಿದ್ದಾನೆ, ಒಂದು ಸಲವೂ ಹೋಗಿಲ್ಲ. ಕೇಳಿದರೆ, ಎಸ್ಕಾರ್ಟ್‌ಗೆ ಪೊಲೀಸ್ ಸಿಗಲಿಲ್ಲ, ಅಷ್ಟರಲ್ಲಿ ಜಾಮೀನಾಯ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ನಾನೇ ಇಷ್ಟು ವರ್ಷ ಎಲ್ಲದಕ್ಕೂ ‘ಬಾಲಮಂದಿರ’ ಅಂತ ಒಂದೇ ಹೆಸರು ಹೇಳಿದ್ದೇನೆ. ಕೇಸಿನ ವಿಚಾರಣೆ ನಡೆಯೋವರೆಗೆ ಇರಿಸೋದು ವೀಕ್ಷಣಾಲಯ. ತಪ್ಪು ಮಾಡಿದ್ದಾನೆ ಅಂತ ತೀರ್ಮಾನ ಆದಮೇಲೆ, ಬೇರೆ ದಾರಿಯಿಲ್ಲದಿದ್ದರೆ, ಗರಿಷ್ಠ ಮೂರು ವರ್ಷ ಕಳಿಸೋದು ವಿಶೇಷ ಗೃಹಕ್ಕೆ. ಎಲ್ಲರನ್ನೂ ಕಳಿಸಬೇಕು ಅಂತಿಲ್ಲ; ಬುದ್ಧಿ ಹೇಳಿ ಬಿಡಬಹುದು, ಸಮುದಾಯ ಸೇವೆ ಮಾಡಿಸಬಹುದು, ಪ್ರೊಬೇಷನ್ ಮೇಲೆ ಮನೆಯಲ್ಲೇ ಬಿಡಬಹುದು. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗೀಬೇಕು, ಬೇಕಾದರೆ ಇನ್ನೆರಡು ತಿಂಗಳು. ಈ ಹುಡುಗ ವೀಕ್ಷಣಾಲಯದಲ್ಲಿ ಒಂದು ಸಲ ಇಪ್ಪತ್ತು ದಿನ, ಇನ್ನೊಂದು ಸಲ ಎರಡು ತಿಂಗಳು ಇದ್ದು ಹೊರಗೆ ಬಂದಿದ್ದ. ಅಂದರೆ ಇದು ಬಸ್‌ಸ್ಟ್ಯಾಂಡ್ ಇದ್ದ ಹಾಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬಸ್‌ಸ್ಟ್ಯಾಂಡ್‌ನಲ್ಲಿ ಯಾರು ಚಿಕಿತ್ಸೆ ಕೊಡ್ತಾರೆ?

ಕೊಡಬೇಕು ಅಂತ ಬರೆದಿದೆ ಸ್ವಾಮಿ. 2016ರ ಮಾದರಿ ನಿಯಮಗಳಲ್ಲಿ ಪ್ರತಿ ಮಗುವಿಗೂ ‘ವೈಯಕ್ತಿಕ ಪಾಲನಾ ಯೋಜನೆ’ ಅಂತ ಒಂದು ಫಾರ್ಮ್ ಇದೆ, ಏಳನೇ ನಂಬರಿನದ್ದು. ಓದಿದರೆ ಕಣ್ಣು ತುಂಬಿ ಬರುತ್ತೆ, ಅಷ್ಟು ಚೆನ್ನಾಗಿದೆ. ಮಗುವಿನ ಆರೋಗ್ಯ, ಮನಸ್ಸು, ಓದು, ಆಟ, ಯಾರ ಹತ್ತಿರ ಮನಸ್ಸು ಬಿಚ್ಚಿ ಮಾತಾಡ್ತಾನೆ, ಯಾರಿಗೆ ಹೆದರ್ತಾನೆ, ಮುಂದೇನಾಗಬೇಕು ಅಂತಿದ್ದಾನೆ, ಎಲ್ಲ ಬರೀಬೇಕು. ಗೃಹದಲ್ಲಿ ಆಪ್ತಸಮಾಲೋಚಕರು, ಪ್ರೊಬೇಷನ್ ಅಧಿಕಾರಿಗಳು ಅಥವಾ ಕೇಸ್ ವರ್ಕರ್‌ಗಳು ಇರಬೇಕು ಅಂತಲೂ ಇದೆ. ನಾನು ನೋಡಿದ ಗೃಹದಲ್ಲಿ ಕೌನ್ಸೆಲರ್ ವಾರಕ್ಕೆರಡು ದಿನ ಬರೋ ಒಬ್ಬ ಹೆಣ್ಣುಮಗಳು, ಗುತ್ತಿಗೆಯಲ್ಲಿ. ಅವರಿಗೆ ಮೂರು ತಿಂಗಳಿಂದ ಸಂಬಳ ಬಂದಿರಲಿಲ್ಲ. ಫಾರ್ಮ್‌ಗಳೆಲ್ಲ ಭರ್ತಿಯಾಗಿದ್ದವು. ಒಂದೇ ಕೈಬರಹ, ಒಂದೇ ಪೆನ್ನು. ‘ಮಗುವಿನ ವರ್ತನೆ: ತೃಪ್ತಿಕರ. ಆಸಕ್ತಿ: ಟೈಲರಿಂಗ್.’ ಮುಂದಿನ ಫೈಲ್: ‘ವರ್ತನೆ: ತೃಪ್ತಿಕರ. ಆಸಕ್ತಿ: ಟೈಲರಿಂಗ್.’ ಎಲ್ಲ ಹುಡುಗರಿಗೂ ಟೈಲರಿಂಗ್ ಮೇಲೆ ಯಾಕಪ್ಪಾ ಇಷ್ಟು ಆಸಕ್ತಿ ಅಂತ ನೋಡಿದರೆ, ಆ ಗೃಹದಲ್ಲಿ ಹೊಲಿಗೆ ಮಷೀನು ಮಾತ್ರ ಇದೆ. ಅದಕ್ಕೂ ಬಟ್ಟೆ ಮುಚ್ಚಿತ್ತು.

ಈಗ ನಿರ್ಭಯಾ ಪ್ರಕರಣಕ್ಕೆ ಬರ್ತೀನಿ, ಯಾಕಂದ್ರೆ ಈ ಚರ್ಚೆ ಪ್ರತಿ ಸಲವೂ ಅಲ್ಲಿಗೇ ಹೋಗಿ ನಿಲ್ಲುತ್ತೆ. 2012ರ ಡಿಸೆಂಬರ್ 16. ಆರು ಜನರಲ್ಲಿ ಒಬ್ಬನಿಗೆ ಹದಿನೆಂಟು ತುಂಬೋಕೆ ಕೆಲವು ತಿಂಗಳು ಬಾಕಿ. ಅವನಿಗೆ ಮೂರು ವರ್ಷ ಮಾತ್ರ. 2015ರ ಡಿಸೆಂಬರ್ 20ಕ್ಕೆ ಹೊರಗೆ ಬಂದ. ಡಿಸೆಂಬರ್ 22ಕ್ಕೆ ರಾಜ್ಯಸಭೆ ಹೊಸ ಬಾಲ ನ್ಯಾಯ ಮಸೂದೆಯನ್ನ ಪಾಸು ಮಾಡಿತು. ಹದಿನಾರರಿಂದ ಹದಿನೆಂಟರೊಳಗಿನವರು ಘೋರ ಅಪರಾಧ ಮಾಡಿದರೆ, ಮಂಡಳಿ ಪರಿಶೀಲಿಸಿ, ವಯಸ್ಕರಂತೆ ವಿಚಾರಣೆಗೆ ಕಳಿಸಬಹುದು ಅಂತಾಯ್ತು. 2016ರ ಜನವರಿ 15ರಿಂದ ಜಾರಿ. ಆ ಮೂರು ದಿನ ದೇಶದ ಎಲ್ಲ ಚಾನೆಲ್‌ಗಳೂ ದಿನ ಎಣಿಸಿದವು, ‘ರಾಕ್ಷಸ ಹೊರಗೆ ಬರ್ತಿದ್ದಾನೆ’ ಅಂತ. ಸರಿ, ಬಂದ. ಮೂರು ವರ್ಷ ಅವನು ಸರ್ಕಾರದ ವಶದಲ್ಲಿದ್ದ. ಆ ಮೂರು ವರ್ಷದಲ್ಲಿ ಅವನಿಗೆ ಯಾವ ಡಾಕ್ಟರ್ ಏನು ಮಾಡಿದರು, ಹೆಣ್ಣನ್ನ ಕಂಡರೆ ಅವನ ತಲೆಯಲ್ಲಿ ಏನು ಓಡುತ್ತೆ ಅಂತ ಯಾರು ಕೂತು ಮಾತಾಡಿಸಿದರು? ಆ ಪ್ರಶ್ನೆಯನ್ನ ಯಾವ ಪ್ಯಾನೆಲ್‌ನಲ್ಲೂ ನಾನು ಕೇಳಿಸಿಕೊಂಡಿಲ್ಲ. ಕಾನೂನು ವಯಸ್ಸಿನ ಗೆರೆಯನ್ನ ಸರಿಸಿತು. ಕೋಣೆ ಹಾಗೇ ಇದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಇಡೀ ದೇಶದಲ್ಲಿ ಅಪ್ರಾಪ್ತರ ಮೇಲೆ ದಾಖಲಾದ ಪ್ರಕರಣ 30,555. ಒಟ್ಟು ಅಪರಾಧಗಳಲ್ಲಿ ಅದು ನೂರಕ್ಕೆ ಒಂದೂ ಆಗಲ್ಲ. ಆ ವರ್ಷ ಸಿಕ್ಕಿಬಿದ್ದ 37,780 ಮಕ್ಕಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹದಿನಾರರಿಂದ ಹದಿನೆಂಟರೊಳಗಿನವರು. ನೂರಾ ನಲವತ್ತು ಕೋಟಿ ಜನರ ದೇಶಕ್ಕೆ ಇದು ಕೈಮೀರಿದ ಸಂಖ್ಯೆ ಅಲ್ಲ. ಒಬ್ಬೊಬ್ಬನ ಹೆಸರು ಹಿಡಿದು ಕರೆಯಬಹುದಾದ ಸಂಖ್ಯೆ.

ಹಾಗೆ ಹೆಸರು ಹಿಡಿದು ಕರೆದ ಒಂದು ಜಾಗ ಇದೆ. ಅಮೆರಿಕದ ಮಿಸೌರಿ ರಾಜ್ಯ. ಅಮೆರಿಕ ಅಂದ ಕೂಡಲೇ ‘ಅಲ್ಲಿ ದುಡ್ಡಿದೆ ಬಿಡಿ’ ಅನ್ನಬೇಡಿ, ಮಿಸೌರಿ ಅಲ್ಲಿನ ಶ್ರೀಮಂತ ರಾಜ್ಯಗಳ ಪಟ್ಟಿಯಲ್ಲಿಲ್ಲ. ಮೆದು ಮನಸ್ಸಿನ ರಾಜ್ಯವೂ ಅಲ್ಲ. ಹದಿನೇಳನೇ ವಯಸ್ಸಲ್ಲಿ ಕೊಲೆ ಮಾಡಿದವನಿಗೆ ಮರಣದಂಡನೆ ಕೊಟ್ಟೇ ತೀರ್ತೀವಿ ಅಂತ ಸುಪ್ರೀಂ ಕೋರ್ಟಿನವರೆಗೆ ಹೋಗಿ 2005ರಲ್ಲಿ ಸೋತಿದ್ದು ಇದೇ ಮಿಸೌರಿ.

ಅಲ್ಲಿ ಬೂನ್‌ವಿಲ್ ಅನ್ನೋ ಊರಲ್ಲಿ ಹುಡುಗರ ದೊಡ್ಡ ಸುಧಾರಣಾ ಶಾಲೆ ಇತ್ತು, ಹತ್ತೊಂಬತ್ತನೇ ಶತಮಾನದ್ದು. ನೂರಾರು ಹುಡುಗರು ಒಂದೇ ಕಾಂಪೌಂಡ್‌ನಲ್ಲಿ. ಹೊಡೆತ, ಕತ್ತಲೆ ಕೋಣೆ, ದೊಡ್ಡ ಹುಡುಗರು ಸಣ್ಣವರಿಗೆ ಮಾಡಬಾರದ್ದು ಮಾಡೋದು. ಎಷ್ಟೋ ಸಮಿತಿಗಳು ಬಂದು ವರದಿ ಕೊಟ್ಟವು. ಕೊನೆಗೆ 1983ರಲ್ಲಿ ಮುಚ್ಚಿಯೇ ಬಿಟ್ಟರು. ಆ ಕಟ್ಟಡ ಈಗ ದೊಡ್ಡವರ ಜೈಲು. ಹುಡುಗರನ್ನ ಏನು ಮಾಡಿದರು? ರಾಜ್ಯವನ್ನ ಐದು ವಲಯ ಮಾಡಿ, ಅವರವರ ಊರಿಗೆ ಹತ್ತಿರದಲ್ಲಿ ಸಣ್ಣ ಸಣ್ಣ ಮನೆಗಳನ್ನ ಮಾಡಿದರು. ಅಪ್ಪ ಅಮ್ಮ ವಾರಕ್ಕೊಮ್ಮೆ ಬಂದು ಹೋಗೋಕಾಗಬೇಕಲ್ಲ, ಅದಕ್ಕೆ.

ಹತ್ತು ಹನ್ನೆರಡು ಹುಡುಗರದ್ದು ಒಂದು ಗುಂಪು. ಊಟ, ಓದು, ಮನೆಗೆಲಸ, ನಿದ್ದೆ ಎಲ್ಲ ಅದೇ ಗುಂಪಿನ ಜೊತೆ, ಅದೇ ಸಿಬ್ಬಂದಿಯ ಜೊತೆ. ಯೂನಿಫಾರ್ಮ್ ಇಲ್ಲ, ತಮ್ಮದೇ ಬಟ್ಟೆ. ದಿನಾ ಒಟ್ಟಿಗೆ ಕೂತು ಮಾತಾಡಬೇಕು. ಯಾರಿಗಾದರೂ ಸಿಟ್ಟು ನೆತ್ತಿಗೇರಿತು ಅಂದ್ರೆ ಯಾವ ಹುಡುಗ ಬೇಕಾದರೂ ‘ಸರ್ಕಲ್’ ಕರೀಬಹುದು. ಎಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಸುತ್ತ ನಿಲ್ಲಬೇಕು, ಏನಾಯ್ತು ಅಂತ ಅಲ್ಲೇ ಮಾತಾಡಿ ಮುಗಿಸಬೇಕು. ಮೊದಮೊದಲು ಹುಡುಗರಿಗೆ ಇದು ಜೈಲಿಗಿಂತ ಕಷ್ಟ. ಜೈಲಲ್ಲಿ ಬಾಯಿ ಮುಚ್ಚಿಕೊಂಡು ದಿನ ದೂಡಬಹುದು, ಇಲ್ಲಿ ‘ನಾನು ಅವಳಿಗೆ ಯಾಕೆ ಹಾಗೆ ಮಾಡಿದೆ’ ಅಂತ ಹನ್ನೊಂದು ಜನರ ಮುಂದೆ ಹೇಳಬೇಕು. ಅಪ್ಪ ಹೊಡೆದಿದ್ದು, ಅಮ್ಮ ಬಿಟ್ಟು ಹೋಗಿದ್ದು ಎಲ್ಲ ಆಚೆ ಬರುತ್ತೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ವಿಷಯ ಬೇರೆ. ಹುಡುಗ ಬಂದ ದಿನದಿಂದ ಅವನಿಗೆ ಅಂತ ಒಬ್ಬ ಅಧಿಕಾರಿ. ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನ ಮಾಡೋದೂ ಅವರೇ, ಒಳಗಿದ್ದಾಗ ನೋಡಿಕೊಳ್ಳೋದೂ ಅವರೇ, ಮನೆಗೆ ಹೋದ ಮೇಲೆ ಬಾಗಿಲು ತಟ್ಟೋದೂ ಅವರೇ. ಹುಡುಗನಿಗೆ ಮೂರು ಟೇಬಲ್ ಇಲ್ಲ. ಒಬ್ಬ ಮನುಷ್ಯ ಇದ್ದಾನೆ. 2008ರಲ್ಲಿ ಹಾರ್ವರ್ಡ್‌ನ ಕೆನಡಿ ಸ್ಕೂಲ್ ಈ ವ್ಯವಸ್ಥೆಗೆ ಸರ್ಕಾರಿ ಆಡಳಿತದ ಹೊಸತನದ ಪ್ರಶಸ್ತಿ ಕೊಟ್ಟಿತು. ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋದರು. ಎಲ್ಲರೂ ಸುಧಾರಿಸಿದರು ಅಂತಲ್ಲ, ಸಿಕ್ಕಿಬಿದ್ದು ಮತ್ತೆ ಬಂದವರು ಅಲ್ಲೂ ಇದ್ದಾರೆ.

‘ಇದೆಲ್ಲ ಮುದ್ದು ಮಾಡೋದಾಯ್ತು, ಮಿಲಿಟರಿ ತರಹ ಟ್ರೈನಿಂಗ್ ಕೊಡಿ, ಸೊಂಟ ಬಗ್ಗಿಸಿ, ತಾನೇ ಸರಿ ಹೋಗ್ತಾರೆ’ ಅಂತ ನನ್ನ ಕಾರ್ಯಕ್ರಮಕ್ಕೆ ಬರೋ ಮೆಸೇಜುಗಳಲ್ಲಿ ಅರ್ಧ ಇದೇ. ಅದನ್ನೂ ಮಾಡಿ ನೋಡಿದ್ದಾರೆ. ಬೂಟ್ ಕ್ಯಾಂಪ್ ಅಂತ ಹೆಸರು. 2006ರ ಜನವರಿಯಲ್ಲಿ ಫ್ಲೋರಿಡಾದ ಒಂದು ಕ್ಯಾಂಪಿಗೆ ಹದಿನಾಲ್ಕು ವರ್ಷದ ಹುಡುಗನೊಬ್ಬ ಸೇರಿದ. ಮೊದಲ ದಿನವೇ ಓಡುತ್ತಾ ಓಡುತ್ತಾ ನಿಂತುಬಿಟ್ಟ. ಗಾರ್ಡ್‌ಗಳು ನೆಲಕ್ಕೆ ಕೆಡವಿ ಹೊಡೆದರು, ಮೂಗಿಗೆ ಅಮೋನಿಯಾ ಹಿಡಿದರು. ಅದೆಲ್ಲ ವಿಡಿಯೋದಲ್ಲಿದೆ. ಮರುದಿನ ಹುಡುಗ ಸತ್ತ. ಆ ರಾಜ್ಯ ಅದೇ ವರ್ಷ ಬೂಟ್ ಕ್ಯಾಂಪ್‌ಗಳನ್ನೇ ನಿಲ್ಲಿಸಿತು. ಸೊಂಟ ಬಗ್ಗಿಸೋದು ಸುಲಭ ಸ್ವಾಮಿ, ಬಗ್ಗಿದ ಸೊಂಟ ಹೊರಗೆ ಹೋಗಿ ಮೊದಲು ಎದುರು ಸಿಕ್ಕವನ ಮೇಲೆ ಸೆಟೆದು ನಿಲ್ಲುತ್ತೆ.

ಇಷ್ಟು ಹೇಳಿ ನಾನು ತಪ್ಪಿಸಿಕೊಂಡು ಹೋಗಬಹುದು. ಆದರೆ ಒಬ್ಬ ತಾಯಿ ಬಿಡಲಿಲ್ಲ. ಮಗನನ್ನ ಕಳಕೊಂಡವರು. ಕ್ರಿಕೆಟ್ ಮ್ಯಾಚಿನ ಜಗಳ, ಚಾಕು ಹಾಕಿದವನಿಗೆ ಹದಿನೇಳು. ಒಂದು ಚರ್ಚೆಗೆ ಅಂತ ಅವರನ್ನ ಕರೆಸಿದ್ದೆವು. ಪ್ರಸಾರ ಶುರುವಾಗೋ ಮುಂಚೆ ಮೇಕಪ್ ರೂಮಲ್ಲಿ ಕೂತಿದ್ದಾಗ ನಾನು ಸುಧಾರಣೆಯ ಬಗ್ಗೆ ಓದಿದ್ದನ್ನೆಲ್ಲ ಅವರ ಮುಂದೆ ಹೇಳಿದೆ. ಬುದ್ಧಿವಂತಿಕೆ ನನಗೆ. ಅವರು ಕೇಳಿಸಿಕೊಂಡು, “ಅವನಿಗೆ ಶಾಲೆ, ಡಾಕ್ಟರು, ಕೆಲಸ ಎಲ್ಲ ಕೊಡ್ತಾರೆ. ನನ್ನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಎಂಬತ್ತೆಂಟು ಪರ್ಸೆಂಟ್ ತಗೊಂಡಿದ್ದ. ಅವನಿಗೆ ಯಾರೇನು ಕೊಟ್ಟರು ಅಪ್ಪಾ?” ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮಿಸೌರಿಯ ಕತೆ ಆ ತಾಯಿಗೆ ಉತ್ತರ ಅಲ್ಲ. ಅವರ ಸಿಟ್ಟು ನ್ಯಾಯವಾದದ್ದು, ಅದನ್ನ ಕಡಿಮೆ ಮಾಡಿಕೊಳ್ಳಿ ಅನ್ನೋಕೆ ನಾನ್ಯಾರು? ಅವರೇ ಹೊರಡುವಾಗ ಇನ್ನೊಂದು ಮಾತು ಹೇಳಿದರು. “ಅವನು ಬರ್ತಾನೆ ಅಂತೆ, ಇನ್ನೆರಡು ವರ್ಷಕ್ಕೆ. ನಮ್ಮ ಬೀದಿಗೇ ಬರ್ತಾನೆ. ನನಗೆ ಇನ್ನೊಬ್ಬ ಮಗ ಇದ್ದಾನೆ.”

ಆ ಮಾತನ್ನ ನಾನು ಮನೆಗೆ ಹೊತ್ತುಕೊಂಡು ಹೋದೆ. ವಯಸ್ಕ ಅಂತಲೇ ವಿಚಾರಣೆಯಾಗಲಿ, ಅಪ್ರಾಪ್ತನಾಗಿದ್ದಾಗ ಮಾಡಿದ ತಪ್ಪಿಗೆ ಗಲ್ಲು ಇಲ್ಲ, ಬಿಡುಗಡೆಯೇ ಇಲ್ಲದ ಜೀವಾವಧಿಯೂ ಇಲ್ಲ, ನಮ್ಮ ಕಾಯ್ದೆಯ 21ನೇ ಸೆಕ್ಷನ್. ಇವತ್ತಲ್ಲ ನಾಳೆ ಅವನು ಬೀದಿಗೆ ಬಂದೇ ಬರ್ತಾನೆ. ಆ ತಾಯಿಯ ಎರಡನೇ ಮಗ ಹಾಲು ತರೋಕೆ ಹೋಗೋ ಅದೇ ಬೀದಿ. ಎರಡು ವರ್ಷ ಗೋಡೆಗೆ ಒರಗಿ ಟಿವಿ ನೋಡಿದವನು ಬರ್ತಾನಾ, ಯಾರೋ ಒಬ್ಬರು ಕೂರಿಸಿಕೊಂಡು ಮಾತಾಡಿಸಿದವನು ಬರ್ತಾನಾ? ನಮ್ಮ ಕೈಯಲ್ಲಿರೋದು ಅಷ್ಟೇ.

ಬೀದಿಗೆ ವಾಪಸ್ ಬರೋ ವಿಷಯದಲ್ಲಿ ನನ್ನದೊಂದು ಲೆಕ್ಕ ಬಾಕಿ ಇದೆ. ಕೆಲವು ವರ್ಷದ ಹಿಂದೆ, ಆಗ ನಾನು ಬೇರೆ ಚಾನೆಲ್‌ನಲ್ಲಿದ್ದೆ, ಸರಗಳ್ಳತನದ ಕೇಸಿನಲ್ಲಿ ಒಬ್ಬ ಹುಡುಗ ಸಿಕ್ಕಿಬಿದ್ದ. ಅವನ ಮುಖ ಬ್ಲರ್ ಮಾಡಿದೆವು, ಹೆಸರು ಹೇಳಲಿಲ್ಲ, ಕಾನೂನು ಪಾಲಿಸಿದೆವು ಅಂದುಕೊಂಡೆವು. ಆದರೆ ಗಲ್ಲಿ ತೋರಿಸಿದೆವು. ನೀರಿನ ಟ್ಯಾಂಕ್ ತೋರಿಸಿದೆವು. ಹಸಿರು ಬಣ್ಣದ ಬಾಗಿಲು ತೋರಿಸಿ, ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡ ಹೆಂಗಸನ್ನೂ ತೋರಿಸಿದೆವು. ಊರಿಗೆಲ್ಲ ಗೊತ್ತಾಯ್ತು. ಮಗುವಿನ ಗುರುತು ಸಿಗೋ ಹಾಗೆ ಏನನ್ನೂ ತೋರಿಸಬಾರದು, ತೋರಿಸಿದರೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಅಂತ 74ನೇ ಸೆಕ್ಷನ್ ಇದೆ. ನಮಗೆ ಯಾರೂ ಏನೂ ಮಾಡಲಿಲ್ಲ. ಹುಡುಗ ಹೊರಗೆ ಬಂದ ಮೇಲೆ ಶಾಲೆ ಸೇರಿಸಿಕೊಳ್ಳಲಿಲ್ಲ, ಮನೆ ಮಾಲೀಕರು ಖಾಲಿ ಮಾಡಿಸಿದರು ಅಂತ ಆ ತಾಯಿ ಆಫೀಸಿನ ರಿಸೆಪ್ಷನ್‌ಗೆ ಬಂದು ಹೇಳಿ ಹೋದರಂತೆ. ನಾನು ಮೇಲೆ ಬುಲೆಟಿನ್ ಓದ್ತಿದ್ದೆ, ಕೆಳಗೆ ಇಳಿಯಲಿಲ್ಲ. ಹಳೇ ದಾಖಲೆ ಅವನ ಬದುಕಿಗೆ ಅಡ್ಡ ಬರಬಾರದು ಅಂತ 24ನೇ ಸೆಕ್ಷನ್ ಹೇಳುತ್ತೆ. ಸರ್ಕಾರ ತನ್ನ ಫೈಲನ್ನ ನಾಶ ಮಾಡುತ್ತೆ. ನಮ್ಮ ವಿಡಿಯೋ ಯೂಟ್ಯೂಬ್‌ನಲ್ಲಿ ಬಹಳ ದಿನ ಇತ್ತು.

ಎಂಜಿನಿಯರಿಂಗ್‌ನಲ್ಲಿ ನಾನು ಅಂಥಾ ಬುದ್ಧಿವಂತನೇನಲ್ಲ, ಎರಡು ಸಬ್ಜೆಕ್ಟ್ ಬ್ಯಾಕ್ ಇಟ್ಟುಕೊಂಡು ಪಾಸಾದವನು. ಆದರೂ ಒಂದು ನೆನಪಿದೆ. ಔಟ್‌ಪುಟ್ ಅಳೆಯದೆ ಯಾವ ಸಿಸ್ಟಮ್ಮನ್ನೂ ಸರಿಮಾಡೋಕಾಗಲ್ಲ. ಆ ಏಳನೇ ನಂಬರ್ ಫಾರ್ಮ್‌ನ ಕೊನೇ ಭಾಗ ಬಿಡುಗಡೆಯಾದ ನಂತರದ ವರದಿ: ಹುಡುಗ ಈಗ ಎಲ್ಲಿದ್ದಾನೆ, ಓದ್ತಿದ್ದಾನಾ, ಕೆಲಸ ಮಾಡ್ತಿದ್ದಾನಾ, ಮನೆಯವರು ಹೇಗಿದ್ದಾರೆ. ನಾನು ನೋಡಿದ ಫೈಲುಗಳಲ್ಲಿ ಆ ಪುಟ ಬಿಳಿ. ‘ತೃಪ್ತಿಕರ’ ಅಂತಲೂ ಬರೆದಿರಲಿಲ್ಲ.

ಧಾರವಾಡದ ಹಿರಿಯರ ಹತ್ತಿರ ಒಂದು ನೋಟ್‌ಬುಕ್ ಇದೆ. ಸರ್ವೀಸಿನಲ್ಲಿದ್ದಾಗ ತಮ್ಮ ಕೈಕೆಳಗೆ ಬಂದ ಹುಡುಗರದ್ದು. ಒಂದೊಂದು ಸಾಲು. ‘ಲಾರಿ ಕ್ಲೀನರ್, ಮದುವಿ ಆಗ್ಯದ.’ ‘ಮತ್ತ ಒಳಗ.’ ‘ಹೋಟೆಲ್, ಗೋವಾ.’ ‘ತೀರ್ಕೊಂಡ.’ ರಿಟೈರ್ ಆದಮೇಲೂ ಫೋನ್ ಮಾಡಿ ಕೇಳಿ ಬರೀತಾರೆ. ಇದಕ್ಕೆ ಭತ್ಯೆ ಕೊಡ್ತಿದ್ರಾ ಅಂತ ಕೇಳಿದೆ, ನಕ್ಕರು.

ಮಾಹಿತಿ ಹಕ್ಕಿನಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಇವತ್ತು ಒಂದು ಅರ್ಜಿ ಹಾಕಿದ್ದೇನೆ, ಹತ್ತು ರೂಪಾಯಿ ಕಟ್ಟಿ, ನನ್ನ ಸ್ವಂತ ಹೆಸರಲ್ಲಿ. ರಾಜ್ಯದ ವೀಕ್ಷಣಾಲಯ ಮತ್ತು ವಿಶೇಷ ಗೃಹಗಳಲ್ಲಿ ಆಪ್ತಸಮಾಲೋಚಕರ ಹುದ್ದೆ ಎಷ್ಟು, ಭರ್ತಿ ಎಷ್ಟು? ಕಳೆದ ಒಂದು ವರ್ಷದಲ್ಲಿ ವ್ಯಸನದ ಚಿಕಿತ್ಸೆಗೆ ಎಷ್ಟು ಮಕ್ಕಳನ್ನ ಕಳಿಸಿದ್ದೀರಿ? ಮಕ್ಕಳನ್ನ ಬಳಸಿಕೊಂಡ ವಯಸ್ಕರ ಮೇಲೆ ಎಷ್ಟು ದೂರು ಕೊಟ್ಟಿದ್ದೀರಿ? ಬಿಡುಗಡೆಯಾದ ಎಷ್ಟು ಮಕ್ಕಳ ಫಾರ್ಮ್‌ನಲ್ಲಿ ಕೊನೇ ಭಾಗ ಭರ್ತಿಯಾಗಿದೆ? ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು.

ಉತ್ತರ ಕೊಡೋಕೆ ಮೂವತ್ತು ದಿನ ಇದೆ. ಉತ್ತರ ಬಂದ ರಾತ್ರಿ ಇದೇ ಹೊತ್ತಿಗೆ ಓದ್ತೀನಿ. ಬರದಿದ್ದರೆ ಮೂವತ್ತೊಂದನೇ ದಿನ, ಬಂದಿಲ್ಲ ಅಂತ ಓದ್ತೀನಿ. ಸ್ಕ್ರೀನ್ ಮೇಲೆ ಹದಿನೇಳು ಅಂತ ಬರೆಸಲ್ಲ.